ದೇವರ ಪಕ್ಷಕ್ಕೆ ಒಂದು ಬಾಯಿ ಕಡಿಮೆ

ರಷ್ಯಾ ಹದಿನೈದು ವರ್ಷ ಒಂದೇ ವೇದಿಕೆಯ ಮೇಲೆ ನಿಂತು ಧನ್ಯವಾದ ಹೇಳಿದಳು. ಮಾತಾಡಿದವರಿಗೆ, ಕೇಳಿದವರಿಗೆ, ಶಾಮಿಯಾನದವನಿಗೆ, ಮೈಕ್ ಸೆಟ್ಟಿನವನಿಗೆ, ಬಂದೋಬಸ್ತಿಗೆಂದು ಬಂದು ಬೆಂಚಿನ ಮೇಲೆ ತೂಕಡಿಸಿದ ಪೊಲೀಸರಿಗೂ. ಅವಳು ಎದ್ದು ನಿಲ್ಲುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಿದ್ದರು. ದೇವರಿಲ್ಲವೆನ್ನುವ ನಮ್ಮ ಕರಿ ಅಂಗಿಯವರ ಶಾಖೆಯಲ್ಲಿ ಅವಳಷ್ಟು ಚೆನ್ನಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳಿಗೆ ಧನ್ಯವಾದ ಹೇಳುವ ಕೆಲಸ ಕೊಟ್ಟಿದ್ದರು.

ಅವಳಿಗೆ ಬೇಕಿದ್ದದ್ದು ಕೊನೆಯ ಭಾಷಣ. ಪೊಂಗಲ್ ಹಬ್ಬದ ಮೂರನೆಯ ಸಂಜೆ ನಮ್ಮ ಕರುವಾಂಚೇರಿಯ ಭತ್ತದ ಸಂತೆ ಮೈದಾನದಲ್ಲಿ ಪಟ್ಟಿಮನ್ರಂ ಎಂಬ ವಾದಸಭೆ ನಡೆಯುತ್ತದೆ. ಒಂದು ಕಡೆ ಕರಿ ಅಂಗಿ, ಇನ್ನೊಂದು ಕಡೆ ವಿಭೂತಿ, ನಡುವೆ ತೀರ್ಪುಗಾರ. ಸಭೆಯ ಕೊನೆಯ ಸರದಿ ಒಂದು ವರ್ಷ ಅವರದು, ಒಂದು ವರ್ಷ ನಮ್ಮದು. 'ಮನುಷ್ಯನಿಗೆ ದೇವರು ಬೇಕೇ, ಬೇಡವೇ' ಎಂಬ ವಿಷಯ ನನಗೆ ತಿಳಿದಂತೆ ಒಮ್ಮೆಯೂ ಬದಲಾಗಿಲ್ಲ. ಬೇರೆ ಊರಿನವರು ಆ ದಿನ ಪುಳಿಯೋಗರೆ ಕಟ್ಟಿಕೊಂಡು ಹೊಳೆದಂಡೆಗೆ ಹೋಗುತ್ತಾರೆ. ನಮ್ಮೂರಿನವರು ಅದೇ ಪುಳಿಯೋಗರೆ ಕಟ್ಟಿಕೊಂಡು ಈ ವರ್ಷ ದೇವರ ಗತಿ ಏನಾಯಿತು ನೋಡೋಣವೆಂದು ಮೈದಾನಕ್ಕೆ ಬರುತ್ತಾರೆ. ಮೊದಲು ಮಾತಾಡಿದವರನ್ನು ಜನ ಅಲ್ಲೇ ಮರೆಯುತ್ತಾರೆ. ಮನೆಗೆ ಹೊತ್ತುಕೊಂಡು ಹೋಗುವುದು ಕೊನೆಯವರ ಮಾತನ್ನು.

ಅವಳ ಹೆಸರಿನ ಬಗ್ಗೆ ಹೇಳಿಬಿಡುತ್ತೇನೆ. ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿ ಮಾಡುತ್ತಿದ್ದವನು, ಹಳೆಯ ಕರಿ ಅಂಗಿ. ಆ ಕಾಲದಲ್ಲಿ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ದೇವರ ಹೆಸರು ಬೇಡವೆಂದು ಸಿಕ್ಕಿದ್ದನ್ನೆಲ್ಲ ಇಡುತ್ತಿದ್ದರು. ಇವಳು ರಷ್ಯಾ, ತಮ್ಮ ಮಾಸ್ಕೋ. ರೇಷನ್ ಅಂಗಡಿಯಲ್ಲಿ ಅವಳ ಹೆಸರು ಕೂಗಿದಾಗಲೆಲ್ಲ ಸಾಲಿನಲ್ಲಿ ಯಾರಾದರೂ ನಗುತ್ತಿದ್ದರು. ಅವಳು ತಿರುಗಿ, "ನಿನ್ನ ಹೆಸರು ಕುಬೇರನ್ ಅಲ್ವಾ? ನೀನೂ ಇದೇ ಸಾಲಲ್ಲೇ ನಿಂತಿದೀಯಲ್ಲ" ಅಂದರೆ ನಗು ನಿಲ್ಲುತ್ತಿತ್ತು.

ಮದುವೆಯಾದದ್ದು ನಮ್ಮ ಶಾಖೆಯ ಕಾರ್ಯದರ್ಶಿ ಅರಿವೊಳಿಯನ್ನು. ತಾಳಿಯಿಲ್ಲ, ಪುರೋಹಿತರಿಲ್ಲ, ಎರಡು ಹಾರ, ಹತ್ತು ಭಾಷಣ. ಅರಿವೊಳಿ ಒಳ್ಳೆಯವನೇ. ಬೆಳಿಗ್ಗೆ ಎದ್ದು ಶಾಖೆಯ ಎದುರಿನ ಕಪ್ಪುಹಲಗೆಯ ಮೇಲೆ ದೇವರಿಗೊಂದು ಬೈಗುಳ ಬರೆಯದೆ ಕಾಫಿ ಕುಡಿಯುತ್ತಿರಲಿಲ್ಲ. ಹೆಣ್ಣಿಗೆ ಸಮಾನ ಹಕ್ಕು ಎಂದು ಗಂಟೆಗಟ್ಟಲೆ ಮಾತಾಡಬಲ್ಲ. ಆ ಗಂಟೆಯಲ್ಲಿ ಹತ್ತು ನಿಮಿಷ ಹೆಂಡತಿಗೆ ಬಿಟ್ಟುಕೊಡಬೇಕೆಂದು ಮಾತ್ರ ಹೊಳೆಯುತ್ತಿರಲಿಲ್ಲ. ಇದು ಅವನೊಬ್ಬನ ರೋಗವಲ್ಲ, ನಮ್ಮೆಲ್ಲರದೂ ಅದೇ.

ಅವಳು ಶಿವನ ಗುಡಿ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಗುಡಿಗೆ ಹೋಗುವ ಹೆಂಗಸರೆಲ್ಲ ಅವಳ ಗಿರಾಕಿಗಳು. "ದೇವರಿಲ್ಲ ಅಂತಾಳೆ, ಅದೊಂದು ಬಿಟ್ರೆ ಕತ್ತು ತೋಳು ಎಲ್ಲ ಸರಿಯಾಗಿ ಕೂರಿಸ್ತಾಳೆ" ಎಂದು ಅವರು ಕ್ಷಮಿಸಿಬಿಟ್ಟಿದ್ದರು.

ಎಂಬತ್ತೆಂಟರ ಪೊಂಗಲ್ಲಿಗೆ ನಮ್ಮ ಕಡೆಯ ಕೊನೆಯ ಭಾಷಣ ಅವಳಿಗೇ ಎಂದು ಅರಿವೊಳಿ ಮಾತು ಕೊಟ್ಟಿದ್ದ. ಹಬ್ಬಕ್ಕೆ ಮುಂಚೆ ತಂಜಾವೂರಿನಿಂದ ಒಬ್ಬ ವಕೀಲರು ಬರಲು ಒಪ್ಪಿಬಿಟ್ಟರು. ದೊಡ್ಡ ಮಾತುಗಾರರು, ಸ್ವಂತ ಕಾರಿನವರು. ಅರಿವೊಳಿ ಹೊಲಿಗೆ ಯಂತ್ರದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

"ರಷ್ಯಾ, ಈ ಸಲ ಒಂದು..."

"ಧನ್ಯವಾದ ತಾನೇ? ಗೊತ್ತಾಯ್ತು ಬಿಡಿ. ದಾರ ತುಳೀಬೇಡಿ, ಆ ಕಡೆ ನಿಂತ್ಕೊಳ್ಳಿ."

ಅಷ್ಟೇ. ಅವಳು ಜಗಳ ಆಡಲಿಲ್ಲ. ಆ ರಾತ್ರಿ ಅರಿವೊಳಿಯ ಸಾರಿಗೆ ಉಪ್ಪಿರಲಿಲ್ಲ, ಮಾರನೆಯ ದಿನವೂ ಇರಲಿಲ್ಲ.

ಹಬ್ಬದ ಎರಡನೆಯ ದಿನ ದನಗಳ ಪೊಂಗಲ್. ದೇವರ ಪಕ್ಷದ ಮೂವರು ಭಾಷಣಕಾರರಲ್ಲಿ ಮೂರನೆಯವನು ಭಜನೆ ವೈದಿಲಿಂಗಂ. ಅವನು ಬೆಳಿಗ್ಗೆ ತನ್ನ ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಣೆಗೆ ಕುಂಕುಮವಿಟ್ಟು, ಹಿಂದಕ್ಕೆ ಹೋಗಿ ಬಾಲ ಹಿಡಿದು ನಮಸ್ಕಾರ ಮಾಡಲು ಬಗ್ಗಿದ. ಹಸು ಒದೆಯಿತು. ದವಡೆ ಊದಿ ಹಲಸಿನ ಕಾಯಿಯಂತಾಯಿತು. ಬಾಯಿ ತೆರೆಯುವುದಿರಲಿ, ಗಂಜಿಯನ್ನೂ ಕೊಳವೆಯಲ್ಲಿ ಹೀರಬೇಕಾಯಿತು. ಸುದ್ದಿ ಶಾಖೆಗೆ ಬಂದಾಗ ನಮ್ಮ ತಮಿಳ್‌ಮಾರನ್, "ಆ ಹಸುಗೆ ಸದಸ್ಯತ್ವ ಕೊಡ್ಬೇಕು ಸಂಗಾತಿಗಳೇ" ಎಂದು ಬೀಡಿ ಹಚ್ಚಿದ. ನಾವೆಲ್ಲ ನಕ್ಕೆವು.

ಮಾರನೆಯ ಸಂಜೆ ಮೈದಾನದಲ್ಲಿ ನಗು ನಿಂತಿತು. ಹಿಂದೊಮ್ಮೆ ಒಂದು ಪಕ್ಷದಲ್ಲಿ ಒಬ್ಬ ಭಾಷಣಕಾರ ಹೆಚ್ಚಿಗೆ ಇದ್ದನೆಂದು ಕಲ್ಲು ಬಿದ್ದಿತ್ತು. ಅಂದಿನಿಂದ ಠಾಣೆಯವರ ಕಟ್ಟಪ್ಪಣೆ: ಎರಡೂ ಕಡೆ ಸಮ ಬಾಯಿ. ಒಂದು ಕಡಿಮೆಯಾದರೂ ಮೈಕ್ ಇಳಿಸಬೇಕು. ಒಮ್ಮೆ ಇಳಿಸಿದರೆ ಆಯಿತು. ಮುಂದಿನ ವರ್ಷ ಅನುಮತಿ ಕೇಳಲು ಹೋದರೆ, 'ಹೋದ ವರ್ಷ ನಡೀಲಿಲ್ಲವಲ್ಲ, ಈಗ್ಯಾಕೆ' ಅನ್ನುತ್ತಾರೆ. ಹಾಗೆ ಸತ್ತ ಸಭೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸರ್ಕಾರ ಸಭೆಗಳನ್ನು ನಿಷೇಧಿಸಬೇಕಾಗಿಲ್ಲ, ಒಂದು ವರ್ಷ ತಪ್ಪಿಸಿದರೆ ಸಾಕು.

ವೇದಿಕೆಯ ಹಿಂದೆ ದೇವರ ಪಕ್ಷದ ನಾಯಕರು ಪುಲವರ್ ಉಲಗನಾಥನ್ ಬೆವರು ಒರೆಸಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ತಮಿಳು ಕಲಿಸಿ ನಿವೃತ್ತರಾದವರು, ನಮ್ಮಲ್ಲಿ ಅರ್ಧ ಜನ ಅವರ ಕೈಯಲ್ಲೇ ಕಿವಿ ಹಿಂಡಿಸಿಕೊಂಡವರು. ಮಧ್ಯಾಹ್ನವಿಡೀ ಊರು ಸುತ್ತಿದ್ದರು. ಗುಡಿಯ ಪೂಜಾರಿ ಗುರುಕ್ಕಳ್ ಕರಿ ಅಂಗಿಯವರ ಜೊತೆ ವೇದಿಕೆ ಹತ್ತುವುದಿಲ್ಲ ಅಂದರು. ಹಾಲಿನ ಸಂಘದ ಅಧ್ಯಕ್ಷರಿಗೆ ಆ ಸಂಜೆಯೇ ಹಾಲಿನ ಲೆಕ್ಕ ನೋಡುವುದಿತ್ತಂತೆ. ಮಿಠಾಯಿ ಅಂಗಡಿ ಕದಿರೇಶನ್, ವಕೀಲರು ಬಂದಿದ್ದಾರೆಂದು ಕೇಳಿ ಅಂಗಡಿಯ ಬಾಗಿಲನ್ನೇ ಹಾಕಿದ.

"ಅರಿವೊಳಿ, ನಿಮ್ಮ ಕಡೆ ಒಬ್ಬರನ್ನ ಇಳಿಸಪ್ಪ. ಇಬ್ಬರಿಗಿಬ್ಬರು ಆಗಲಿ" ಅಂದರು ಪುಲವರ್.

ಅರಿವೊಳಿ ವಕೀಲರನ್ನು ನೋಡಿದ. ವಕೀಲರು ತಮ್ಮ ಕಾರನ್ನು ನೋಡಿದರು. ತಮಿಳ್‌ಮಾರನ್ ಆಕಾಶ ನೋಡಿದ. ಮೈಕ್ ಬಿಡು ಅನ್ನುವುದೂ ಆಸ್ತಿ ಬಿಡು ಅನ್ನುವುದೂ ನಮ್ಮಲ್ಲಿ ಒಂದೇ.

"ಅದು ಹೇಗಾಗುತ್ತೆ ಐಯಾ? ನಿಮ್ಮ ಹಸು ಒದ್ದಿದ್ದಕ್ಕೆ ನಮಗ್ಯಾಕೆ ಶಿಕ್ಷೆ?"

ಇನ್ಸ್‌ಪೆಕ್ಟರು ಮೈಕ್ ಸೆಟ್ಟಿನವನಿಗೆ ಕೈಸನ್ನೆ ಮಾಡಲು ಎದ್ದರು. ಆಗ ಪುಲವರ್ ಒಂದು ಮೂಲೆಯಲ್ಲಿ ಹಾರಗಳಿಗೆ ನೀರು ಚಿಮುಕಿಸುತ್ತಿದ್ದ ರಷ್ಯಾಳ ಕಡೆ ತಿರುಗಿದರು.

"ಅಮ್ಮಾ ರಷ್ಯಾ, ನೀನು ಬಾ."

"ಎಲ್ಲಿಗೆ ಐಯಾ?"

"ನಮ್ಮ ಕಡೆಗೆ. ಪಟ್ಟಿಮನ್ರದಲ್ಲಿ ಕೊಟ್ಟ ಪಕ್ಷಕ್ಕೆ ಮಾತಾಡೋದು ತಾನೇ ಪದ್ಧತಿ? ನಾನು ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದೀನಿ. ನಿನ್ನ ನಂಬಿಕೆ ಯಾರು ಕೇಳಿದ್ರು? ಬಾಯಿ ಕೊಡು ಸಾಕು. ಕೊನೆಗೆ ಸೇರಿದೋರು ಕೊನೆಗೆ ಮಾತಾಡ್ಲಿ. ಕೊನೇ ಭಾಷಣ ನಿಂದು."

ರಷ್ಯಾ ನೀರಿನ ಚೊಂಬನ್ನು ಕೆಳಗಿಟ್ಟಳು.

ಅರಿವೊಳಿಯ ಮುಖ ಕೆಂಪಾಯಿತು. "ಹುಚ್ಚಾ ನಿಮಗೆ? ಶಾಖಾ ಕಾರ್ಯದರ್ಶಿ ಹೆಂಡತಿ ದೇವರ ಪರ ಮಾತಾಡೋದಾ? ರಷ್ಯಾ, ನೀನು ಆ ಮೆಟ್ಟಿಲು ಹತ್ತಿದ್ರೆ ನಿನ್ನ ಸದಸ್ಯತ್ವ ಉಳಿಯಲ್ಲ, ನಾನೇ ತೆಗೀಬೇಕಾಗುತ್ತೆ."

"ತೆಗೀರಿ. ಆಮೇಲೆ ಧನ್ಯವಾದ ಯಾರು ಹೇಳ್ತಾರೆ ಅಂತಾನೂ ನೋಡ್ಕೊಳ್ಳಿ" ಅಂದು ಅವಳು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಇನ್ಸ್‌ಪೆಕ್ಟರು ಬೆರಳು ಮಡಚಿ ಎಣಿಸಿ, ಸರಿ ಎಂಬಂತೆ ಕೂತರು.

ತೀರ್ಪುಗಾರರು ಜಬ್ಬಾರ್ ರಾವುತ್ತರ್, ಅಕ್ಕಿ ಗಿರಣಿಯವರು, ಕಂಬ ರಾಮಾಯಣವನ್ನೂ ತಿರುಕ್ಕುರಳನ್ನೂ ನೀರು ಕುಡಿದ ಹಾಗೆ ಹೇಳಬಲ್ಲವರು. "ನಾನು ಐದು ಹೊತ್ತು ನಮಾಜು ಮಾಡೋನು. ನನ್ನ ದೇವರ ವಿಷಯ ಈ ಮೈದಾನಕ್ಕೆ ಬಂದಿಲ್ಲ, ಅದಕ್ಕೇ ನನಗೆ ನಿದ್ದೆ ಚೆನ್ನಾಗಿ ಬರುತ್ತೆ" ಎಂದು ಪ್ರತಿ ವರ್ಷ ಅದೇ ಮಾತಿನಿಂದ ಸಭೆ ಶುರು ಮಾಡುತ್ತಿದ್ದರು. ಜನ ಪ್ರತಿ ವರ್ಷ ನಗುತ್ತಿದ್ದರು.

ಅರಿವೊಳಿ ಮಾತಾಡಿದ, ಚೆನ್ನಾಗಿಯೇ. ತಮಿಳ್‌ಮಾರನ್ ಕೂಗಿದ. ವಕೀಲರು ಕೋಟಿನ ಗುಂಡಿ ಬಿಚ್ಚಿ, ಹಾಕಿ, ದೇವರನ್ನು ಪಾಟೀ ಸವಾಲಿಗೆ ಎಳೆದರು. ಪುಲವರ್ ಶಿವಸ್ತುತಿಯ ತೇವಾರ ಹಾಡಿದರು, ಅವರ ಜೊತೆಗಾರನೂ ತೇವಾರ ಹಾಡಿದ. ದೇವರ ಪಕ್ಷ ಸೋತೇ ಹೋಗಿತ್ತು. ಆಗ ರಷ್ಯಾ ಎದ್ದಳು. ಯಾರೂ ಚಪ್ಪಲಿ ಹುಡುಕಲಿಲ್ಲ.

ನಾವೆಲ್ಲ ಒಂದು ಆಸೆ ಇಟ್ಟುಕೊಂಡಿದ್ದೆವು. ಅವಳು ದೇವರ ಪರ ಮಾತಾಡುವ ಹಾಗೆ ಮಾಡಿ ಒಳಗಿಂದ ಗುಂಡಿ ತೋಡುತ್ತಾಳೆ, ಕೊನೆಗೆ ಕಣ್ಣು ಹೊಡೆಯುತ್ತಾಳೆ ಅಂತ. ಅವಳು ಅಂಥದ್ದೇನೂ ಮಾಡಲಿಲ್ಲ.

"ತೀರ್ಪುಗಾರ ಐಯಾ ಅವರೇ, ಎದುರುಗಡೆ ಕೂತು ಹಲ್ಲು ಕಡೀತಿರೋ ನನ್ನ ಗಂಡನೇ" ಎಂದು ಶುರು ಮಾಡಿದಳು. ಮೈದಾನ ನಕ್ಕಿತು. "ನನ್ನ ನಂಬಿಕೆ ಏನು ಅಂತ ನಿಮಗೆಲ್ಲ ಗೊತ್ತು. ಇವತ್ತು ಅದನ್ನ ಮನೇಲಿಟ್ಟು ಬೀಗ ಹಾಕಿ ಬಂದಿದೀನಿ. ರವಿಕೆ ಹೊಲಿಯೋಳು ತನ್ನ ಅಳತೆಗೆ ಹೊಲಿಯಲ್ಲ, ಬಟ್ಟೆ ಕೊಟ್ಟೋರ ಅಳತೆಗೆ ಹೊಲೀತಾಳೆ. ಬಿಗಿಯಾದ್ರೆ ಹೇಳಿ.

"ವಕೀಲರು ಕೇಳಿದ್ರು, ದೇವರನ್ನ ಕಂಡೋರು ಯಾರು ಅಂತ. ಯಾರೂ ಇಲ್ಲ, ಒಪ್ಪಿದೆ. ವಕೀಲರೇ, ನೀವು ಇಷ್ಟು ವರ್ಷ ಕೋರ್ಟಿಗೆ ಹೋಗ್ತಿದೀರಲ್ಲ, ನ್ಯಾಯಾನ ಕಂಡಿದೀರಾ? ಕಾಣ್ದೇ ಇದ್ರೂ ದಿನಾ ಕೋಟು ಹಾಕ್ಕೊಂಡು ಹೋಗ್ತೀರಿ. ಇಂದಲ್ಲ ನಾಳೆ ಬರುತ್ತೆ ಅಂತ ಕಕ್ಷಿದಾರರಿಗೆ ಹೇಳ್ತೀರಿ. ಪೂಜಾರಿ ಹೇಳೋದೂ ಅದೇ ತಾನೇ?"

ಪೊಲೀಸರೂ ನಕ್ಕರು. ವಕೀಲರು ಗುಂಡಿ ಹಾಕಿಕೊಂಡರು.

"ನಮ್ಮೆಜಮಾನ್ರು ಹೇಳಿದ್ರು, ದೇವರು ಬಡವರ ಕಣ್ಣೀರು ಒರೆಸಲಿಲ್ಲ ಅಂತ. ಒರೆಸಲಿಲ್ಲ ನಿಜ. ಆದ್ರೆ ಅಳೋಕೊಂದು ಜಾಗ ಬೇಡ್ವಾ? ನಮ್ಮ ಬೀದಿ ಹೆಂಗಸು ಗಂಡನ ಹತ್ರ ಅಳೋ ಹಾಗಿಲ್ಲ, ಅಳಿಸಿದೋನೇ ಅವನು. ಅತ್ತೆ ಹತ್ರ ಅಳೋ ಹಾಗಿಲ್ಲ, ಅವನನ್ನ ಹೆತ್ತೋಳೇ ಅವಳು. ಕರಿ ಅಂಗಿಯವರ ಶಾಖೆಗೆ ಬರೋ ಹಾಗಿಲ್ಲ, ಅಲ್ಲಿ ಗಂಡಸರು ಬೀಡಿ ಸೇದ್ತಾ ಪ್ರಪಂಚ ತಿದ್ದುತಿರ್ತಾರೆ. ಅವಳು ಮಾರಿಯಮ್ಮನ ಎದುರು ಹೋಗಿ ನಿಲ್ತಾಳೆ. ಬಾಯಿಗೆ ಬಂದ ಹಾಗೆ ಬೈತಾಳೆ. 'ಕಣ್ಣು ಕುರುಡಾ ನಿನಗೆ, ಮುಂಡೇ' ಅಂತಾಳೆ. ಮಾರಿಯಮ್ಮ ಎದುರು ಮಾತಾಡಲ್ಲ, ಕೈ ಎತ್ತಲ್ಲ, ಹೋಗಿ ಅತ್ತೆಗೆ ಹೇಳಲ್ಲ. ಆ ಕಲ್ಲು ತೆಗೀತೀನಿ ಅಂತೀರಿ. ತೆಗೀರಿ ಅಣ್ಣಂದಿರಾ. ಆ ಜಾಗದಲ್ಲಿ ಬಂದು ನೀವು ನಿಲ್ತೀರಾ? ಬಾಯಿ ಮುಚ್ಚಿಕೊಂಡು ಬೈಸಿಕೊಳ್ತೀರಾ? ಅಲ್ಲಿವರೆಗೂ ಹೆಂಗಸಿಗೆ ದೇವರು ಬೇಕು. ಅಷ್ಟೇ ನನ್ನ ವಾದ."

ಹೆಂಗಸರು ಕೂತ ಕಡೆಯಿಂದ ಎದ್ದ ಸದ್ದಿಗೆ ಬೇವಿನ ಮರದ ಕಾಗೆಗಳು ಹಾರಿದವು. ರಾವುತ್ತರ್ ಎದ್ದರು. ಸಾಮಾನ್ಯವಾಗಿ ಅವರು ಅರ್ಧ ಗಂಟೆ ಕುರಳು ಹೇಳಿ, ಇಬ್ಬರೂ ಗೆದ್ದರು ಎಂದು ಜಾರಿಕೊಳ್ಳುತ್ತಿದ್ದರು. ಅಂದು ಎರಡೇ ಮಾತು. "ದೇವರು ಬೇಕು ಅನ್ನೋ ಪಕ್ಷ ಗೆದ್ದಿದೆ. ಯಾರ ಬಾಯಿಂದ ಗೆದ್ದೆವು ಅಂತ ಆ ಪಕ್ಷದವರು ಮನೆಗೆ ಹೋಗಿ ಯೋಚನೆ ಮಾಡ್ಲಿ."

ಪುಲವರ್ ಅವಳಿಗೆ ಜರಿ ಶಾಲು ಹೊದಿಸಿದರು. ಖುಷಿಯಲ್ಲಿ ಡಬ್ಬಿ ತೆಗೆದು ಹಣೆಗೆ ವಿಭೂತಿ ಇಡಲು ಹೋದರು. ಅವಳು ತಲೆ ಹಿಂದೆ ತೆಗೆದಳು.

"ಬಾಯಿ ಕೊಟ್ಟಿದೀನಿ ಐಯಾ, ಹಣೆ ಕೊಟ್ಟಿಲ್ಲ."

ಅರಿವೊಳಿ ಒಂದು ವಾರ ಹೆಂಡತಿಯ ಜೊತೆ ಮಾತು ಬಿಟ್ಟ. ತಾನೇ ಅಡುಗೆ ಮಾಡಿಕೊಂಡ. ಅವನ ಸಾರಿನ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಕಪ್ಪುಹಲಗೆ ಖಾಲಿ ನಿಂತಿತು. ಆ ವಾರ ದೇವರಿಗೆ ನಮ್ಮೂರಿನಲ್ಲಿ ಬೈಗುಳ ತಪ್ಪಿತು.

ಭಾನುವಾರ ಶಾಖೆಯ ವಿಚಾರಣೆ ಸಭೆ. ಅಧ್ಯಕ್ಷತೆ ಗಂಡನದು, ಆರೋಪಿ ಹೆಂಡತಿ. ನಾನು ಬಾಗಿಲ ಹತ್ತಿರ ಕೂತಿದ್ದೆ. ತಮಿಳ್‌ಮಾರನ್ ಆರೋಪ ಹೇಳಿದ: ದೇವರನ್ನು ಗೆಲ್ಲಿಸಿದ್ದು.

"ನಾನು ಒಂದು ಕೇಳ್ತೀನಿ" ಅಂದಳು ರಷ್ಯಾ. "ಈ ಊರಲ್ಲಿ ಗುಡಿ ಎಷ್ಟಿವೆ? ಬೀದಿಗೊಂದು. ಭಕ್ತರು? ನಮ್ಮನ್ನ ಬಿಟ್ಟು ಊರೆಲ್ಲ. ಇಷ್ಟು ಜನದಲ್ಲಿ ಆ ದೇವರಿಗೆ ತನ್ನ ಪರ ಮಾತಾಡೋಕೆ ಒಂದು ಬಾಯಿ ಹುಟ್ಟಿಸಿಕೊಳ್ಳೋಕಾಗಲಿಲ್ಲ. ಇದ್ದ ಒಂದನ್ನೂ ಹಸು ಒದೀತು. ಕೊನೆಗೆ ನಾಸ್ತಿಕಳ ಬಾಯಿ ಕೇಳಿಕೊಂಡು ಬರಬೇಕಾಯ್ತು. ದೇವರಿಲ್ಲ ಅನ್ನೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ವಕೀಲರು ಕಾರಲ್ಲಿ ಹಾಕ್ಕೊಂಡು ಬಂದಿದ್ರಾ?"

ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕೆವು. ತಮಿಳ್‌ಮಾರನ್‌ಗೆ ಮಾತ್ರ ಸಮಾಧಾನವಾಗಲಿಲ್ಲ.

"ಅದೆಲ್ಲ ಸರಿ ಅಕ್ಕ. ಅಷ್ಟು ಚೆನ್ನಾಗಿ ಯಾಕೆ ಮಾತಾಡ್ಬೇಕಿತ್ತು?"

"ಕೆಟ್ಟದಾಗಿ ಮಾತಾಡೋಕೆ ಆಗಲೇ ನೀವು ಮೂರು ಜನ ಇದ್ರಲ್ಲಪ್ಪ."

ಅರಿವೊಳಿ ಇದುವರೆಗೂ ನೆಲ ನೋಡುತ್ತಿದ್ದ. ಈಗ ತಲೆ ಎತ್ತಿದ. ಹೆಂಡತಿಯ ಕಡೆ ನೋಡದೆ ನಮ್ಮನ್ನು ಕೇಳಿದ: "ಬೀದಿಬೀದಿಲಿ ಹೆಂಗಸರು ಆ ಮಾರಿಯಮ್ಮನ ಮಾತನ್ನೇ ಆಡ್ತಿದಾರೆ. ಬರೋ ವರ್ಷ ಅದಕ್ಕೆ ಉತ್ತರ ಕೊಡೋರು ನಮ್ಮಲ್ಲಿ ಯಾರಿದೀರಿ?"

ಅಲ್ಲಿದ್ದ ನಾವು ಏಳೂ ಜನ ಆ ವಾರವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿ ಸೋತವರೇ.

"ಹಾಗಾದ್ರೆ ಗಂಟು ಹಾಕಿದೋಳೇ ಬಿಚ್ಚಲಿ" ಅಂದ ಅರಿವೊಳಿ. "ಬರೋ ವರ್ಷ ಕೊನೆಯ ಭಾಷಣ ರಷ್ಯಾದು. ನಮ್ಮ ಕಡೆಯಿಂದ."

ಹೀಗೆ ಹದಿನೈದು ವರ್ಷ ಕೇಳಿದ್ದು ಅವಳಿಗೆ ಸಿಕ್ಕಿತು. ಸಮಾನ ಹಕ್ಕಿನಿಂದ ಸಿಗಲಿಲ್ಲ. ನಮಗೆ ಗತಿಯಿಲ್ಲದ್ದರಿಂದ ಸಿಕ್ಕಿತು. ಚಳವಳಿಗಳಲ್ಲಿ ಹೆಣ್ಣಿಗೆ ಜಾಗ ಸಿಗುವುದು ಹೆಚ್ಚಾಗಿ ಈ ದಾರಿಯಲ್ಲೇ. ಬೇರೆ ದಾರಿ ಇದೆ ಎನ್ನುವವರು ನನಗೂ ತೋರಿಸಲಿ.

ಗೆದ್ದವಳ ತೊಂದರೆ ಆಮೇಲೆ ಶುರುವಾಯಿತು. ಅವಳ ಮಾತಿಗೆ ಅವಳಲ್ಲೇ ಉತ್ತರವಿರಲಿಲ್ಲ. ಚಿತ್ತಿರೈ ತಿಂಗಳು ಹೋಯಿತು, ಆಡಿ ಹೋಯಿತು. ಅಂಗಡಿಯಲ್ಲಿ ಕತ್ತರಿ ಹಿಡಿದುಕೊಂಡೇ ಸುಮ್ಮನೆ ಕೂರುತ್ತಿದ್ದಳಂತೆ. ಪುಲವರ್ ದಿನಾ ಸಂಜೆ ಗುಡಿಗೆ ಹೋಗುತ್ತ ಅಂಗಡಿಯ ಎದುರು ನಿಲ್ಲುತ್ತಿದ್ದರು.

"ಏನಮ್ಮಾ, ಸಿಕ್ಕಿತಾ?"

"ಹುಡುಕ್ತಿದೀನಿ ಐಯಾ."

"ನಿಧಾನವಾಗಿ ಹುಡುಕು. ಸಿಗದಿದ್ರೂ ನಮಗೇನೂ ಬೇಜಾರಿಲ್ಲ."

ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಹೊಲಿಗೆ ರಾಶಿ ಬಿದ್ದಿದ್ದಾಗ, ಹಿಂದಿನ ಬೀದಿಯ ಸೊರ್ಣಂ ರವಿಕೆ ಬಟ್ಟೆ ತಂದಳು. ಎಂಥ ಬಿಸಿಲಲ್ಲೂ ತೋಳು ಮೊಣಕೈವರೆಗೆ ಹೊಲಿಸುವವಳು. ಯಾಕೆಂದು ರಷ್ಯಾ ಕೇಳುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಂದು ಸೊರ್ಣಂ ಮುಖ ಗೆಲುವಾಗಿತ್ತು.

"ಮಾರಿಯಮ್ಮನ ಹತ್ರ ಹೋಗಿ ಚೆನ್ನಾಗಿ ಬೈದು ಬಂದೆ ಅಕ್ಕ. ನೀನು ಹೇಳಿದ ಹಾಗೇನೇ. ಹಗುರಾಯ್ತು."

"ನಿನಗೆ ಹಗುರಾಯ್ತು. ನಿನ್ನ ಗಂಡನಿಗೆ?"

"ಅವನಿಗೇನು? ಮನೇಲಿ ಕೂತು ಮೊಸರನ್ನ ತಿಂತಿದ್ದ. ಉಪ್ಪಿನಕಾಯಿ ಎಲ್ಲೇ ಅಂದ."

ರಷ್ಯಾ ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದಳು. ಸೊರ್ಣಂ ಗಾಬರಿಯಾಗಿ, "ಏನಕ್ಕಾ, ಬಟ್ಟೆ ಸಾಲ್ದಾ?" ಅಂದಳು.

"ಸಾಲುತ್ತೆ ಕಣೆ. ಈ ಸಲ ತೋಳು ಗಿಡ್ಡ ಇಡ್ತೀನಿ. ಗುರುತು ಕಂಡ್ರೆ ಕಾಣ್ಲಿ."

ಎಂಬತ್ತೊಂಬತ್ತರ ಪೊಂಗಲ್ ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೈದಿಲಿಂಗಂನ ದವಡೆ ವಾಸಿಯಾಗಿತ್ತು. ಹಸುವನ್ನು ಆ ವರ್ಷ ಮಗನ ಕೈಯಲ್ಲಿ ತೊಳೆಸಿದ್ದ. ಅವನು ರಷ್ಯಾಳ ಹಿಂದಿನ ವರ್ಷದ ಭಾಷಣವನ್ನೇ ಬಾಯಿಪಾಠ ಮಾಡಿಕೊಂಡು ಬಂದು, ರಾಗ ಹಾಕಿ ಒಪ್ಪಿಸಿದ. ಅರಿವೊಳಿ ತನ್ನ ಭಾಷಣವನ್ನು ಬೇಗ ಮುಗಿಸಿದ, ಅದು ನಮ್ಮ ಶಾಖೆಯ ಚರಿತ್ರೆಯಲ್ಲಿ ಮೊದಲು. ಕೊನೆಗೆ ರಷ್ಯಾ ಎದ್ದಳು, ಕರಿ ರವಿಕೆ, ಕೆಂಪು ಅಂಚಿನ ಸೀರೆ.

"ಹೋದ ವರ್ಷ ಈ ವೇದಿಕೆ ಮೇಲೆ ಒಬ್ಬ ಬಾಯಿಬಡುಕಿ ಬಂದು ಏನೇನೋ ಹೇಳಿ ಹೋದ್ಲು. ಹೆಂಗಸಿಗೆ ಬೈಯೋಕೆ ಒಂದು ಕಲ್ಲು ಬೇಕು ಅಂದ್ಲು. ನೀವೂ ಚಪ್ಪಾಳೆ ಹೊಡೆದ್ರಿ. ಒಂದು ವರ್ಷ ಬೈದ್ರಿ. ಕಲ್ಲಿಗೆ ಏನಾಯ್ತು? ಏನೂ ಆಗಲಿಲ್ಲ. ಬೈಸಿಕೊಳ್ಳಬೇಕಾದೋನು ಮನೇಲಿ ಕೂತು ಮೊಸರನ್ನ ತಿಂತಿದ್ದ. ನೀವು ಗುಡೀಲಿ ಹಗುರಾಗಿ ಬಂದು ಅವನಿಗೆ ಉಪ್ಪಿನಕಾಯಿ ಹಾಕಿದ್ರಿ. ಮಾರಿಯಮ್ಮ ಇರೋದ್ರಿಂದ ಲಾಭ ಯಾರಿಗೆ? ನಿಮಗಲ್ಲ ಅಕ್ಕಂದಿರಾ, ಅವನಿಗೆ. ನಿಮ್ಮ ಸಿಟ್ಟನ್ನೆಲ್ಲ ದಾರೀಲೇ ಹಿಡಿದು ಇಟ್ಟುಕೊಳ್ಳೋ ಕಾವಲುಗಾರ್ತಿ ಅವಳು. ಅವಳು ಇಲ್ಲದಿದ್ರೆ ಆ ಬೈಗುಳ ನೆಟ್ಟಗೆ ಮನೆಗೇ ಬರ್ತಿತ್ತು. ಬರ್ಲಿ. ಇವತ್ತು ಗುಡಿ ಕಡೆ ತಿರುಗಬೇಡಿ. ನೇರ ಮನೆಗೆ ಹೋಗಿ, ಅವನ ಎದುರು ನಿಂತು ಬೈರಿ. ಕೈ ಎತ್ತಿದ್ರೆ ನನ್ನ ಅಂಗಡಿಗೆ ಬನ್ನಿ, ನಾವು ಹತ್ತು ಜನ ಒಟ್ಟಿಗೇ ಹೋಗೋಣ. ಹೋದ ವರ್ಷದ ಆ ಹೆಂಗಸಿಗೆ ಇಷ್ಟೂ ಹೊಳೀಲಿಲ್ಲ ನೋಡಿ, ಬರೀ ಬಾಯಿ..."

ಸಭೆಯಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೆಂಗಸರ ಕಡೆ ಸೊರ್ಣಂ ಎದ್ದೇ ನಿಂತಿದ್ದಳು. ಅಷ್ಟರಲ್ಲಿ ಎದುರು ಬೆಂಚಿನಿಂದ ಪುಲವರ್ ಉಲಗನಾಥನ್ ಕೈ ಎತ್ತಿ ಎದ್ದರು.

"ತೀರ್ಪುಗಾರರೇ, ನನ್ನದೊಂದು ಆಕ್ಷೇಪಣೆ. ವಾದಕ್ಕೆ ವಾದ ಹೇಳ್ಲಿ. ಆದ್ರೆ ಹೋದ ವರ್ಷ ಮಾತಾಡಿದ ಆ ಹೆಣ್ಣುಮಗಳು ನಮ್ಮ ಪಕ್ಷದೋಳು. ಅವಳನ್ನ ಬಾಯಿಬಡುಕಿ ಅಂದ್ರೆ ನಾವು ಸುಮ್ಮನಿರಲ್ಲ."

ರಾವುತ್ತರ್ ರಷ್ಯಾಳ ಕಡೆ ತಿರುಗಿದರು. "ಮಾತು ವಾಪಸ್ ತಗೊಳ್ತೀಯಾಮ್ಮಾ?"

"ತಗೊಳ್ಳಲ್ಲ ಐಯಾ" ಅಂದಳು ರಷ್ಯಾ. "ಅವಳು ನನಗೆ ಚೆನ್ನಾಗಿ ಗೊತ್ತು."